ಮೊದಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬಾಕ್ಸ್‌ಸ್ಟರೋ, ಗಲ್ಲಾರ್ಡೊವೋ?

ಪ್ರಶ್ನೆ: ಉಡುಪಿಯಲ್ಲಿ ಹೋಟೆಲ್ ವ್ಯವಹಾರ ನನ್ನದು. ಮನೆ ಮಲ್ಪೆ ಕಡೆ, ಕಡಲಿಗೆ ಒಂದು ಕಿಲೋಮೀಟರೂ ಇಲ್ಲ. ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಆಸೆ. ಈಗ 80 ಲಕ್ಷದವರೆಗೆ ಹಾಕಬಲ್ಲೆ. ಮೂರು ದಾರಿ ಕಾಣುತ್ತಿವೆ. ಬೆಂಗಳೂರಿನಲ್ಲಿ 2013ರ ಪೋರ್ಷೆ ಬಾಕ್ಸ್‌ಸ್ಟರ್, ಕೆಎ ನಂಬರ್, 31,000 ಕಿ.ಮೀ. ಓಡಿದೆ, 52 ಲಕ್ಷ ಕೇಳುತ್ತಿದ್ದಾರೆ. ಇನ್ನೊಂದು 2008ರ ಲ್ಯಾಂಬೋರ್ಗಿನಿ ಗಲ್ಲಾರ್ಡೊ, ಪಾಂಡಿಚೇರಿ ನಂಬರ್, 24,000 ಕಿ.ಮೀ., 78 ಲಕ್ಷ. ದುಬೈಯಲ್ಲಿರುವ ಭಾವ ಮಾತ್ರ ‘ಇಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ಹಡಗಿನಲ್ಲಿ ಕಳಿಸುತ್ತೇನೆ’ ಎನ್ನುತ್ತಾರೆ. ಯಾವುದು ಸರಿ? ನೋಡಲು ಹೋದಾಗ ಏನು ನೋಡಬೇಕು?

ಉತ್ತರ: ಭಾವನವರ ದಾರಿಯನ್ನು ಮೊದಲೇ ಬದಿಗಿಡಿ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಬಲಗೈ ಸ್ಟೀರಿಂಗಿನದಾಗಿರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ದುಬೈಯ ಕಾರುಗಳು ಬಹುತೇಕ ಎಡಗೈ ಸ್ಟೀರಿಂಗಿನವು. ಇನ್ನು ಸುಂಕ ಮತ್ತು ತೆರಿಗೆ ಸೇರಿದರೆ ಕಾರಿನ ಬೆಲೆಯನ್ನೂ ಮೀರುತ್ತದೆ. ಕಾಸರಗೋಡು, ಮಂಗಳೂರಿನ ರಸ್ತೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಗಲ್ಫ್ ನಂಬರಿನ ಕಾರು ಕಾಣುತ್ತದಲ್ಲ, ಅವು ಕಾರ್ನೆ ಎಂಬ ತಾತ್ಕಾಲಿಕ ಪರವಾನಗಿಯಲ್ಲಿ ಬಂದು ಹಾಗೆಯೇ ವಾಪಸ್ ಹೋಗಬೇಕಾದವು. ಅವನ್ನು ಇಲ್ಲಿ ಮಾರುವಂತಿಲ್ಲ. ‘ಎಲ್ಲ ಸೆಟ್ ಮಾಡಿಕೊಡ್ತೇವೆ’ ಎನ್ನುವವರು ಸಿಕ್ಕರೆ ನೆನಪಿಡಿ: 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ಭೂತಾನ್ ಮೂಲಕ ಅಕ್ರಮವಾಗಿ ಬಂದವೆನ್ನಲಾದ ಕಾರುಗಳನ್ನು ಮನೆಮನೆಗೆ ಹೋಗಿ ಹುಡುಕಿದರು. ಕಾರು ಹೋಗುವುದು ತಂದವನದ್ದಲ್ಲ, ಇಟ್ಟುಕೊಂಡವನದ್ದು.

ಉಳಿದ ಎರಡರಲ್ಲಿ ನಮ್ಮ ಸಲಹೆ ಬಾಕ್ಸ್‌ಸ್ಟರ್, ಅದೂ ಕೆಳಗೆ ಹೇಳಿದ ಪರೀಕ್ಷೆಗಳಲ್ಲಿ ಪಾಸಾದರೆ ಮಾತ್ರ. ಗಲ್ಲಾರ್ಡೊ ಕೆಟ್ಟ ಕಾರೇನಲ್ಲ, ಮೊದಲ ಕಾರಾಗಿ, ಕಡಲ ಬದಿಯಲ್ಲಿ, ಆ ಕಾಗದಪತ್ರದೊಂದಿಗೆ ಬೇಡ.

ಕಾರಣ ಒಂದೇ ಲೆಕ್ಕದಲ್ಲಿದೆ. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಇಳಿಯುವುದು ಅದರ ಮಾರಾಟದ ಬೆಲೆ ಮಾತ್ರ. ಬಂಪರ್, ಕ್ಲಚ್, ಟೈರು, ಡಿಸ್ಕ್, ಸರ್ವಿಸ್ ಮಜೂರಿ ಇವೆಲ್ಲ ಹೊಸ ಕಾರಿನ ದರದಲ್ಲೇ ನಿಂತಿರುತ್ತವೆ. ಹೊರರಾಜ್ಯದ ಕಾರಾದರೆ ರಸ್ತೆ ತೆರಿಗೆಯೂ ಹಾಗೆಯೇ. 78 ಲಕ್ಷಕ್ಕೆ ಸಿಗುವ ಗಲ್ಲಾರ್ಡೊವನ್ನು ನೀವು 78 ಲಕ್ಷದ ಕಾರಿನಂತೆ ಸಾಕಲಾಗದು. ಎರಡು ಕೋಟಿಯ ಕಾರಿನಂತೆಯೇ ಸಾಕಬೇಕು. ನಿಮ್ಮ ಕೈಯಲ್ಲಿ 80 ಇದ್ದು ಕಾರಿಗೆ 78 ಕೊಟ್ಟರೆ ಉಳಿದ ಎರಡು ಲಕ್ಷ ಮೊದಲ ಸರ್ವಿಸಿಗೂ ಸಾಲದಿರಬಹುದು. 52ಕ್ಕೆ ಬಾಕ್ಸ್‌ಸ್ಟರ್ ತಂದರೆ ಏಳೆಂಟು ಲಕ್ಷವನ್ನು ಮೊದಲ ವರ್ಷದ ಕೆಲಸಕ್ಕೆಂದು ಬೇರೆಯೇ ಇಟ್ಟರೂ ನಿದ್ದೆ ಕೆಡುವುದಿಲ್ಲ.

ಪಾಂಡಿಚೇರಿ ನಂಬರಿನ ಒಳಗುಟ್ಟು

ಪಿವೈ ನಂಬರಿನ ದುಬಾರಿ ಕಾರುಗಳು ದೇಶದ ತುಂಬ ಓಡಾಡುವುದಕ್ಕೆ ಕಾರಣ ಅಲ್ಲಿನ ಕಡಿಮೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಸೆಸ್ ಬೇರೆ. ಹೊರರಾಜ್ಯದ ಕಾರನ್ನು ಉಡುಪಿಯ ಕೆಎ-20ಕ್ಕೆ ತಂದಾಗ ಈ ಶೇ. 18 ಬೀಳುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಇನ್‌ವಾಯ್ಸ್ ಬೆಲೆಯ ಮೇಲೆ. ಆಮೇಲೆ ಕಾರಿನ ವಯಸ್ಸಿಗೆ ತಕ್ಕಂತೆ ಕಡಿತ ಸಿಗುತ್ತದೆ. ಇನ್‌ವಾಯ್ಸ್ 2 ಕೋಟಿ ಎಂದಿಟ್ಟುಕೊಳ್ಳಿ, ಪೂರ್ತಿ ತೆರಿಗೆ 36 ಲಕ್ಷ. ವಯಸ್ಸಿನ ಕಡಿತದಿಂದ ಅದು ಕಾಲು ಭಾಗಕ್ಕೆ ಇಳಿದರೂ 9 ಲಕ್ಷ. ‘ಪಿವೈ ನಂಬರಲ್ಲೇ ಓಡಿಸಿ, ಯಾರೂ ಕೇಳುವುದಿಲ್ಲ’ ಎಂಬ ಮಾತು ಖಂಡಿತ ಬರುತ್ತದೆ. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ಕಾರಿಗೆ ಆ ರಾಜ್ಯದ ನಂಬರ್ ಪಡೆಯಲೇಬೇಕು. 2025ರ ಫೆಬ್ರವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಹಿಡಿದಿತ್ತು. ಉಡುಪಿಯಂಥ ಊರಿನಲ್ಲಿ ಬಣ್ಣಬಣ್ಣದ ಗಲ್ಲಾರ್ಡೊ ಒಂದು ಕಲ್ಸಂಕದಲ್ಲಿ ಸಿಗ್ನಲಿಗೆ ನಿಂತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಅಡಗಿಸಿಡುವ ಮಾತೇ ಇಲ್ಲ.

ಇನ್ನೊಂದು ವಿಷಯವನ್ನು ಮಾರುವವರು ನಿಮಗೆ ಹೇಳಿರಲಿಕ್ಕಿಲ್ಲ. ನೋಂದಣಿಯ ಅವಧಿ 15 ವರ್ಷ. 2008ರ ಕಾರಿನದು 2023ರಲ್ಲೇ ಮುಗಿದಿದೆ. ನವೀಕರಣ ಆಗಿದೆಯೇ ಎಂದು ಆರ್‌ಸಿಯಲ್ಲಿ ‘ವ್ಯಾಲಿಡ್ ಅಪ್‌ಟು’ ದಿನಾಂಕ ನೋಡಿ. ಆಮದು ಕಾರಿನ ನವೀಕರಣ ಶುಲ್ಕ 40,000 ರೂಪಾಯಿ. 20 ವರ್ಷ ದಾಟಿದ ಮೇಲೆ 80,000, ಈ ಗಲ್ಲಾರ್ಡೊ ಆ ಗಡಿಯ ಹತ್ತಿರವೇ ಇದೆ. ಅವಧಿ ಮುಗಿದ ಆರ್‌ಸಿಯ ಕಾರಿಗೆ ವಿಮೆ ಕ್ಲೇಮು ಸಿಗುವುದೂ ಕಷ್ಟ.

ಬಾಕ್ಸ್‌ಸ್ಟರ್ ಕೆಎ ನಂಬರಿನದು. ತೆರಿಗೆ ಆಗಲೇ ಕಟ್ಟಿದೆ, ನಂಬರೂ ಬದಲಾಗುವುದಿಲ್ಲ. ಆದರೂ ಪರಿವಾಹನ್ ಪೋರ್ಟಲಿನಲ್ಲಿ ನಂಬರ್ ಹಾಕಿ ನಾಲ್ಕು ಸಂಗತಿ ನೋಡಿಕೊಳ್ಳಿ: ಇದು ಎಷ್ಟನೇ ಮಾಲೀಕರ ಕೈ, ಹೈಪೋಥಿಕೇಶನ್ (ಕಾರಿನ ಮೇಲೆ ಬ್ಯಾಂಕಿನ ಸಾಲದ ಹಿಡಿತ) ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ಕಟ್ಟದ ಚಲನ್ ಎಷ್ಟು. ಬ್ಯಾಂಕಿನ ಹೆಸರು ಇನ್ನೂ ಕಾಣುತ್ತಿದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಟೋಕನ್ ಬಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ರಲ್ಲಿ ಸಹಿ ಹಾಕುವವರು, ಆರ್‌ಸಿಯ ಮಾಲೀಕರು, ಹಣ ಹೋಗುವ ಬ್ಯಾಂಕ್ ಖಾತೆ ಈ ಮೂರೂ ಒಂದೇ ಹೆಸರಿನಲ್ಲಿರಲಿ. ಕಂಪನಿ ಹೆಸರಿನ ಕಾರಾದರೆ ಬೋರ್ಡ್ ರೆಸಲ್ಯೂಶನ್ ಪ್ರತಿ ಕೇಳಿ. ‘ಸ್ವಲ್ಪ ಕ್ಯಾಶ್ ಕೊಟ್ಟರೆ ರೇಟು ಇಳಿಸುತ್ತೇವೆ’ ಎಂಬುದಕ್ಕೆ ಒಪ್ಪಬೇಡಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅದಕ್ಕಿಂತ ಮುಖ್ಯವಾಗಿ, ಕಾಗದದಲ್ಲಿ ಕಾಣದ ಹಣವನ್ನು ನಾಳೆ ಜಗಳವಾದರೆ ವಾಪಸ್ ಕೇಳಲಾಗದು.

ಗಲ್ಲಾರ್ಡೊವನ್ನು ಯಾಕೆ ಬೇಡ ಅಂತೀವಿ

ಆ ವರ್ಷದ ಗಲ್ಲಾರ್ಡೊದಲ್ಲಿ ಹತ್ತು ಸಿಲಿಂಡರಿನ ವಿ10 ಎಂಜಿನ್ ಇದೆ, ಗಟ್ಟಿಯಾದ ಎಂಜಿನೇ. ತೊಂದರೆ ಇ-ಗೇರ್ ಎಂಬ ಕ್ಲಚ್ ಪೆಡಲಿಲ್ಲದ ಗೇರ್ ವ್ಯವಸ್ಥೆಯದು. ಅದು ಈಗಿನ ಡ್ಯುಯಲ್ ಕ್ಲಚ್ ಅಲ್ಲ. ಮಾಮೂಲಿ ಒಂಟಿ ಕ್ಲಚ್ಚಿನ ಗೇರ್‌ಬಾಕ್ಸನ್ನೇ ಹೈಡ್ರಾಲಿಕ್ ಪಂಪ್, ವಾಲ್ವುಗಳಿಂದ ಕಂಪ್ಯೂಟರ್ ಒತ್ತುತ್ತದೆ. ಇಳಿಜಾರಿನಲ್ಲಿ ರಿವರ್ಸ್ ತೆಗೆದುಕೊಳ್ಳುವಾಗ, ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವಾಗ ಕ್ಲಚ್ ಅರ್ಧಂಬರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಮಣಿಪಾಲದ ಏರು, ಉಡುಪಿ ಪೇಟೆಯ ಟ್ರಾಫಿಕ್ಕು, ಮನೆಯ ಗೇಟಿನ ಏರು ಈ ಮೂರೂ ಆ ಕ್ಲಚ್ಚಿಗೆ ವಿಷ. ಓಡಿಸುವ ರೀತಿ ನೋಡಿಕೊಂಡು ಕೆಲವರಿಗೆ 30,000 ಕಿ.ಮೀ. ಬರುತ್ತದೆ, ಕೆಲವರಿಗೆ ಅದರ ಅರ್ಧವೂ ಇಲ್ಲ. ಬದಲಿಸಲು ಗೇರ್‌ಬಾಕ್ಸ್ ಹೊರಗೆ ಬರಬೇಕು.

ಇಷ್ಟಾದರೂ ನೋಡಿಯೇ ಬರುತ್ತೇನೆ ಎನ್ನುವುದಾದರೆ ಎರಡು ಪರೀಕ್ಷೆ. ಡಯಾಗ್ನೊಸ್ಟಿಕ್ ಕಂಪ್ಯೂಟರ್ ಹಾಕಿಸಿ ಕ್ಲಚ್ ಸವೆತ ಎಷ್ಟು ಶೇಕಡ ಎಂದು ಓದಿಸಿ. ‘ಕ್ಲಚ್ ಹೊಸದೇ’ ಎಂಬ ಬಾಯಿಮಾತು ಬೇಡ, ಆ ಸಂಖ್ಯೆ ಬೇಕು. ಎರಡನೆಯದು, ಬಾಗಿಲು ತೆರೆದಾಗ ಹಿಂದಿನಿಂದ ಪಂಪ್ ಕೆಲ ಸೆಕೆಂಡು ಗುಂಯ್ಗುಟ್ಟಿ ನಿಲ್ಲಬೇಕು. ಗೇರು ಬದಲಿಸದೆ ಸುಮ್ಮನೆ ನಿಂತಿದ್ದರೂ ಮತ್ತೆ ಮತ್ತೆ ಗುಂಯ್ಗುಟ್ಟುತ್ತಿದ್ದರೆ ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಹೋಗಿದೆ ಅಥವಾ ಎಲ್ಲೋ ಸೋರುತ್ತಿದೆ. ಆಮೇಲೆ ಪಂಪೇ ಸುಡುತ್ತದೆ. ಗಲ್ಲಾರ್ಡೊದ ಚೌಕಟ್ಟು ಅಲ್ಯೂಮಿನಿಯಂ. ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟ್ ತಾಗುವ ಕಡೆ ಉಪ್ಪುಗಾಳಿ ಸಿಕ್ಕರೆ ಬಣ್ಣದ ಕೆಳಗೆ ಬಿಳಿ ಪುಡಿ ಎದ್ದು ಗುಳ್ಳೆ ಬರುತ್ತದೆ. ನಿಮ್ಮ ಮನೆ ಮಲ್ಪೆಯಲ್ಲಿ ಎಂಬುದನ್ನು ಮರೆಯಬೇಡಿ.

ಬಾಕ್ಸ್‌ಸ್ಟರ್ ನೋಡುವ ಕ್ರಮ

2013ರದ್ದು ಪೋರ್ಷೆಯವರು 981 ಎಂದು ಕರೆಯುವ ಪೀಳಿಗೆ, 2012ರಿಂದ 2016ರವರೆಗೆ ಬಂದದ್ದು. ಸಾದಾ ಮಾದರಿಯಲ್ಲಿ 2.7 ಲೀಟರಿನ ಆರು ಸಿಲಿಂಡರ್, 265 ಅಶ್ವಶಕ್ತಿ. ‘ಎಸ್’ನಲ್ಲಿ 3.4 ಲೀಟರ್, 315. ಹುಡುಕುವಾಗ ಇದಕ್ಕಿಂತ ಬಹಳ ಅಗ್ಗಕ್ಕೆ 2005ರಿಂದ 2008ರ ಬಾಕ್ಸ್‌ಸ್ಟರ್, ಅದರದೇ ಗಟ್ಟಿ ಚಾವಣಿಯ ರೂಪವಾದ ಕೇಮನ್‌ಗಳೂ ಎದುರಾಗುತ್ತವೆ. ಅವುಗಳಲ್ಲಿ ಹಳೆಯ ಎಂಜಿನ್ ಇದೆ. ಕ್ಯಾಮ್ ತಿರುಗಿಸುವ ನಡುದಂಡದ ಬೇರಿಂಗ್, ಗ್ಯಾರೇಜಿನವರು ಐಎಂಎಸ್ ಎನ್ನುವುದು, ಪುಡಿಯಾದರೆ ಇಡೀ ಎಂಜಿನ್ ಗುಜರಿಗೆ. ಸಿಲಿಂಡರಿನ ಗೋಡೆ ಗೀರಿಹೋಗುವ ರೋಗವೂ ಅವುಗಳಿಗಿದೆ. ತಣ್ಣಗಿದ್ದಾಗ ಟಕಟಕ ಸದ್ದು, ಸೈಲೆನ್ಸರಿನಲ್ಲಿ ಮಸಿ, ಎಣ್ಣೆ ಕುಡಿಯುವುದು ಅದರ ಗುರುತು. 981ರ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಹೆಚ್ಚು ಹಣ ಕೊಡುವುದು ಇದಕ್ಕಾಗಿ.

ನೋಡಲು ಹೋಗುವ ದಿನ ‘ಸ್ಟಾರ್ಟ್ ಮಾಡಿ ಇಡಬೇಡಿ’ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಸೈಲೆನ್ಸರ್ ಪೈಪು ಮುಟ್ಟಿ. ಬಿಸಿಯಾಗಿದ್ದರೆ ನಾಳೆ ಬರುತ್ತೇವೆ ಎಂದು ಹೊರಡಿ, ಸಂಕೋಚ ಬೇಡ. ಬಹಳಷ್ಟು ದೋಷಗಳು ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ, ಮೊದಲ ಎರಡು ನಿಮಿಷದಲ್ಲಿ ಮಾತ್ರ ಬಾಯಿಬಿಡುತ್ತವೆ. ಸ್ಟಾರ್ಟ್ ಆದಾಗ ಒಂದು ಕ್ಷಣ ನೀಲಿ ಹೊಗೆ ಬಂದು ಹೋದರೆ ಗಾಬರಿ ಬೇಡ, ಮಲಗಿಸಿದ ಸಿಲಿಂಡರಿನ ಎಂಜಿನ್ನುಗಳಲ್ಲಿ ಅದು ಸಹಜ. ಬಿಸಿಯಾದ ಮೇಲೂ ಬರುತ್ತಿದ್ದರೆ ಸಹಜವಲ್ಲ. ಈ ಕಾರಿನಲ್ಲಿ ಎಣ್ಣೆ ನೋಡುವ ಡಿಪ್‌ಸ್ಟಿಕ್ ಇಲ್ಲ, ಮಟ್ಟವನ್ನು ಮೀಟರಿನ ಪರದೆಯಲ್ಲೇ ನೋಡಬೇಕು. ಮಳೆಗಾಲದಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಆಗಿ ಎಂಜಿನ್ ಲೈಟ್ ಹತ್ತುವುದು ಪೋರ್ಷೆಯ ಆರು ಸಿಲಿಂಡರಿನವಕ್ಕೆ ಮಾಮೂಲು. ಇಗ್ನಿಷನ್ ಕಾಯಿಲ್‌ಗಳು ಕೆಳಗೆ, ಸೈಲೆನ್ಸರಿನ ಬಿಸಿ ತಾಗುವ ಜಾಗದಲ್ಲಿದ್ದು ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಅಲ್ಲಿಗೆ ತೇವ ಹೋಗುತ್ತದೆ. ಇದು ದೊಡ್ಡ ರೋಗವಲ್ಲ. ಆರೂ ಕಾಯಿಲ್, ಆರೂ ಪ್ಲಗ್ ಒಟ್ಟಿಗೆ ಬದಲಿಸಿದರೆ ಮುಗಿಯಿತು. ಪ್ಲಗ್ಗುಗಳನ್ನು ಹೇಗೂ ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು.

ಆಮೇಲಿನ ಕೆಲಸ ಅಧಿಕೃತ ವರ್ಕ್‌ಶಾಪಿನದು. ಪೋರ್ಷೆಗೆ ಬೆಂಗಳೂರು, ಕೊಚ್ಚಿ ಎರಡೂ ಕಡೆ ಇದೆ. ಕಾರು ಬೆಂಗಳೂರಿನಲ್ಲೇ ಇರುವುದು ಅನುಕೂಲವೇ. ಕೊಳ್ಳುವ ಮುನ್ನದ ತಪಾಸಣೆ ನಿಮ್ಮ ಖರ್ಚಿನಲ್ಲಿ, ನಿಮ್ಮ ಎದುರೇ ಆಗಲಿ. ‘ಮೊನ್ನೆಯಷ್ಟೇ ಚೆಕ್ ಮಾಡಿಸಿದ್ದೇವೆ’ ಎಂದು ಮಾರುವವರು ಕೊಡುವ ಕಾಗದಕ್ಕೆ ಬೆಲೆ ಇಲ್ಲ. ತಪಾಸಣೆಗೆ ಒಪ್ಪದವರ ಕಾರನ್ನು ಎಷ್ಟೇ ಚೆಂದ ಇರಲಿ ಬಿಟ್ಟುಬಿಡಿ. ಅಲ್ಲಿ ಕೇಳಬೇಕಾದ ಮೊದಲ ವಸ್ತು ಎಂಜಿನ್ ಕಂಪ್ಯೂಟರಿನ ವರದಿ. ಅದರಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದಿರುತ್ತದೆ. ಮೀಟರ್ ತಿರುಗಿಸುವವರು ಸಾಮಾನ್ಯವಾಗಿ ಇಲ್ಲಿಗೆ ಕೈ ಹಾಕಿರುವುದಿಲ್ಲ. ಕಿಲೋಮೀಟರನ್ನು ಗಂಟೆಗಳಿಂದ ಭಾಗಿಸಿ. 31,000 ಕಿ.ಮೀ.ಗೆ 1,100 ಗಂಟೆ ಎಂದರೆ ಸರಾಸರಿ 28, ನಂಬಬಹುದು. 1,500 ಗಂಟೆ ಎಂದರೆ ಸುಮಾರು 21, ಬೆಂಗಳೂರಿನ ಕಾರಲ್ಲವೇ, ಅದೂ ಸರಿ. 3,000 ಗಂಟೆ ಬಂದರೆ ಸರಾಸರಿ 10. ಸಿಲ್ಕ್ ಬೋರ್ಡಿನಲ್ಲೇ ಮನೆ ಕಟ್ಟಿಕೊಂಡಿದ್ದರೂ ಅಷ್ಟು ಕಡಿಮೆಯಾಗದು. ಅದೇ ವರದಿಯಲ್ಲಿ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ ದಾಖಲೆ ಆರು ಹಂತಗಳಲ್ಲಿರುತ್ತದೆ. ಕೊನೆಯ ಮೂರು ಹಂತಗಳಲ್ಲಿ ಸಂಖ್ಯೆ ಇದ್ದರೆ ಯಾವಾಗ, ಎಷ್ಟು ಎಂದು ಸರ್ವಿಸ್ ಅಡ್ವೈಸರರಿಂದ ಬಿಡಿಸಿ ಹೇಳಿಸಿಕೊಳ್ಳಿ.

ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿ. ಹೊದಿಕೆಯ ಮುಂತುದಿ ಹರಿದಿದ್ದು, ಸ್ಕ್ರೂಗಳ ಬದಲು ಕೇಬಲ್ ಟೈ ಹಾಕಿದ್ದರೆ ಹಂಪುಗಳ ಇತಿಹಾಸ ಅಲ್ಲೇ ಬರೆದಿದೆ. ಮುಂದಿನ ಎರಡೂ ಮೂಲೆಯಲ್ಲಿ ರೇಡಿಯೇಟರ್, ಅದರೆದುರು ಎಸಿ ಕಂಡೆನ್ಸರ್ ಇವೆ. ಬಂಪರಿನ ಬಾಯಿಯಿಂದ ಒಳಹೋದ ತರಗೆಲೆ ಅಲ್ಲೇ ಸೇರಿ ಗೊಬ್ಬರವಾಗುತ್ತದೆ. ಅದು ತೇವ ಹಿಡಿದಿಟ್ಟು ಅಲ್ಯೂಮಿನಿಯಂ ರೆಕ್ಕೆಗಳನ್ನು ತಿಂದುಹಾಕುತ್ತದೆ. ಹಸಿರು ಅಥವಾ ಗುಲಾಬಿ ಕಲೆ ಕಂಡರೆ ಸೋರಿಕೆ. ಟಾರ್ಚು ಬಿಟ್ಟು ನೋಡಲು ಒಂದು ನಿಮಿಷ ಸಾಕು, ಬಹುತೇಕರು ಆ ನಿಮಿಷವನ್ನು ಕೊಡುವುದಿಲ್ಲ.

ಕರಾವಳಿಗೆ ತರುವವರು ಹೆಚ್ಚು ಹೊತ್ತು ಕೊಡಬೇಕಾದ್ದು ನೀರಿಗೆ. ಬಾಕ್ಸ್‌ಸ್ಟರಿನ ಬಟ್ಟೆಯ ಟಾಪ್ ಮಡಚಿ ಕೂರುವ ಜಾಗದ ಎಡಬಲ ಮೂಲೆಗಳಲ್ಲಿ, ಮುಂಗಾಜಿನ ಬುಡದಲ್ಲಿ ನೀರಿಳಿಯುವ ತೂತುಗಳಿವೆ. ಎಲೆ, ಹೂವು, ದೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೆ ಇಳಿದು ಕಾರ್ಪೆಟ್ಟಿನ ಕೆಳಗಿನ ಫೋಮಿನಲ್ಲಿ ನಿಲ್ಲುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಅಡಿಯಲ್ಲಿ ವೈರಿಂಗ್, ಕನೆಕ್ಟರ್, ಕಂಟ್ರೋಲ್ ಯೂನಿಟ್ ಹಸಿರು ಕಿಲುಬು ಹಿಡಿಯುತ್ತಿರುತ್ತವೆ. ಆಮೇಲೆ ಶುರುವಾಗುವುದು ವಿಚಿತ್ರ ಕಾಯಿಲೆಗಳು: ಅಲಾರಾಂ ರಾತ್ರಿ ಎರಡು ಗಂಟೆಗೆ ಕೂಗುವುದು, ಕೀ ಗುರುತು ಹಿಡಿಯದಿರುವುದು, ಕಿಟಕಿ ಅರ್ಧಕ್ಕೆ ನಿಲ್ಲುವುದು. ಆದ್ದರಿಂದ ಕಾರ್ಪೆಟ್ಟಿನ ಅಂಚು ಎತ್ತಿ ಬೆರಳಿನಿಂದ ಫೋಮ್ ಒತ್ತಿ ನೋಡಿ. ಸೀಟಿನ ಹಳಿಗಳ ಬೋಲ್ಟ್‌ಗೆ ತುಕ್ಕು ಇದೆಯೇ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಹುಡುಕಿ. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನ ನೆರೆಗೆ ಬೇಸ್‌ಮೆಂಟಿನಲ್ಲೇ ಮುಳುಗಿದ ದುಬಾರಿ ಕಾರುಗಳು ಕಡಿಮೆಯಲ್ಲ. ಕೊನೆಗೆ, ಮಾರುವವರ ಒಪ್ಪಿಗೆ ಪಡೆದು ಎರಡು ಲೀಟರಿನ ಬಾಟಲಿಯಿಂದ ಆ ತೂತುಗಳ ಬಳಿ ನೀರು ಸುರಿಯಿರಿ. ಕಾರಿನ ಅಡಿಯಿಂದ ಕೂಡಲೇ ಸುರಿದುಹೋಗಬೇಕು.

ಟಾಪನ್ನು ಮೂರು ಬಾರಿ ತೆರೆದು ಮುಚ್ಚಿಸಿ, ಅದರಲ್ಲಿ ಒಮ್ಮೆ ನಿಧಾನವಾಗಿ ಚಲಿಸುತ್ತಿರುವಾಗ. ಬಟ್ಟೆ ಮಡಿಕೆಗಳಲ್ಲಿ ತೆಳ್ಳಗಾಗಿದೆಯೇ, ಒಳಬದಿಯಲ್ಲಿ ಬೂಷ್ಟಿನ ಚುಕ್ಕೆ ಇದೆಯೇ ನೋಡಿ.

ಬಣ್ಣದ ದಪ್ಪ ಅಳೆಯುವ ಗೇಜಿನ ಬಗ್ಗೆ ಒಂದು ಎಚ್ಚರಿಕೆ. ಇದರ ಬಾಗಿಲು, ಮುಂದಿನ ಹಿಂದಿನ ಮುಚ್ಚಳಗಳು ಅಲ್ಯೂಮಿನಿಯಂ. ಉಕ್ಕಿಗೆ ಮಾತ್ರ ಕೆಲಸ ಮಾಡುವ ಅಗ್ಗದ ಗೇಜು ಅಲ್ಲಿ ಏನೂ ಹೇಳುವುದಿಲ್ಲ, ಎರಡೂ ಲೋಹಕ್ಕೆ ಆಗುವಂಥದ್ದು ಬೇಕು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. ಒಂದು ಪ್ಯಾನೆಲ್ ಮಾತ್ರ 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 1,000 ಮೀರಿದರೆ ಅಡಿಯಲ್ಲಿ ಪುಟ್ಟಿ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ಗೇಜು ತಾಗದು. ಬಂಪರಿಗೆ ಬಣ್ಣ ಹೊಡೆಸಿದ್ದು ಅಪರಾಧವೂ ಅಲ್ಲ. ಬಾಗಿಲಿನ ಕಂಬಕ್ಕೆ, ಚಾಸಿಸ್ಸಿಗೆ ಬಣ್ಣ ಹೊಡೆದಿದ್ದರೆ ಮಾತ್ರ ಮಾತೇ ಬೇರೆ. ಚಾಸಿಸ್ ನಂಬರ್ 17 ಅಕ್ಷರಗಳದ್ದು. ಮುಂಗಾಜಿನ ಕೆಳಗಿನದು, ಬಾಗಿಲ ಸ್ಟಿಕ್ಕರಿನದು, ಲೋಹದ ಮೇಲೆ ಕೊರೆದದ್ದು, ಆರ್‌ಸಿಯದು ನಾಲ್ಕೂ ಒಂದೇ ಇರಬೇಕು. ಪೆನ್ಸಿಲ್ ಉಜ್ಜಿ ತೆಗೆದ ಚಾಸಿಸ್ ಪ್ರಿಂಟ್ ಒಂದನ್ನು ಇಟ್ಟುಕೊಳ್ಳಿ, ಆರ್‌ಟಿಓಗೂ ಬೇಕಾಗುತ್ತದೆ.

ಟೈರಿನ ಬದಿಯಲ್ಲಿ ನಾಲ್ಕಂಕಿಯ ತಯಾರಿ ಸಂಖ್ಯೆ ಇರುತ್ತದೆ. 1419 ಎಂದರೆ 2019ರ 14ನೇ ವಾರ. ಕಡಿಮೆ ಓಡಿದ ಕಾರುಗಳ ದೊಡ್ಡ ಮೋಸ ಇದು: ಟ್ರೆಡ್ (ಟೈರಿನ ಮೇಲಿನ ಗೆರೆಗಳು) ಹೊಸದರಂತೆ, ರಬ್ಬರ್ ಹಲಗೆಯಂತೆ. ಆರು ವರ್ಷ ದಾಟಿದ್ದರೆ ನಾಲ್ಕೂ ಟೈರಿನ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯಿರಿ. ಪೋರ್ಷೆಗೆ ಒಪ್ಪಿದ ಟೈರಿನಲ್ಲಿ ‘ಎನ್’ ಅಕ್ಷರ ಮತ್ತು ಒಂದು ಅಂಕಿ ಇರುತ್ತದೆ. ಮುಂದೆ ಒಂದು, ಹಿಂದೆ ಇನ್ನೊಂದು ಕಂಪನಿಯದು ಹಾಕಿದ್ದರೆ ಮಾಲೀಕರು ಉಳಿದ ಕಡೆಯೂ ಕೈ ಬಿಗಿ ಹಿಡಿದಿದ್ದಾರೆ ಎಂದುಕೊಳ್ಳಬಹುದು. ಸ್ಟೆಪ್ನಿ ಇಲ್ಲ, ಏರ್ ಪಂಪು ಮತ್ತು ತೂತು ಮುಚ್ಚುವ ದ್ರವದ ಬಾಟಲಿ ಮಾತ್ರ. ಆ ಬಾಟಲಿಗೂ ಎಕ್ಸ್‌ಪೈರಿ ದಿನಾಂಕವಿದೆ.

ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಹಳದಿ ಬಣ್ಣದ್ದಾದರೆ ಡಿಸ್ಕು ಕಾರ್ಬನ್ ಸೆರಾಮಿಕ್. ತುಕ್ಕು ಹಿಡಿಯದು, ಉಪ್ಪುಗಾಳಿಗೆ ಒಳ್ಳೆಯದೇ, ಆದರೆ ಅಂಚು ಸ್ವಲ್ಪ ಚಕ್ಕೆ ಎದ್ದಿದ್ದರೂ ಬದಲಿಸುವ ಖರ್ಚು ತಲೆ ತಿರುಗಿಸುತ್ತದೆ. ಸುಮ್ಮನೆ ಹಳದಿ ಬಣ್ಣ ಬಳಿದ ಕ್ಯಾಲಿಪರುಗಳೂ ಇವೆ ಮಾರಾಯ್ರೆ, ಡಿಸ್ಕಿನ ಮೇಲ್ಮೈ ಬೂದುಬಣ್ಣದಲ್ಲಿ ನಾರುನಾರಾಗಿ ಕಾಣುತ್ತದೆಯೇ ನೋಡಿ.

ಟೆಸ್ಟ್ ಡ್ರೈವ್ ಕನಿಷ್ಠ ಮುಕ್ಕಾಲು ಗಂಟೆ. ಹೈವೇಯಲ್ಲಿ ಓಡುವುದು ಕಾರಿಗೆ ಸುಲಭ. ಬಿಸಿಯಾದ ಮೇಲೆ ಟ್ರಾಫಿಕ್ಕಿನಲ್ಲಿ 20 ನಿಮಿಷ ಎಸಿ ಹಾಕಿ ನಿಲ್ಲಿಸಿ. ಆಗ ಫ್ಯಾನು ತಿರುಗುತ್ತದೆಯೇ, ಕೂಲೆಂಟಿನ ಬಿಸಿ ಏರದೆ ನಿಲ್ಲುತ್ತದೆಯೇ, ಪಿಡಿಕೆ ಎಂಬ ಪೋರ್ಷೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಂದು–ಎರಡರ ನಡುವೆ ಜಗ್ಗುತ್ತದೆಯೇ ಎಂಬುದೆಲ್ಲ ಗೊತ್ತಾಗುತ್ತದೆ. ವಾಪಸ್ ಬಂದು ಸಿಹಿವಾಸನೆ ಬರುತ್ತದೆಯೇ ಮೂಸಿ. ಬಂದರೆ ಕೂಲೆಂಟ್ ಎಲ್ಲೋ ಸೋರುತ್ತಿದೆ, ವಾಟರ್ ಪಂಪಿನಿಂದಲೇ ಇರಬಹುದು.

ಟೋಕನ್, ವಿಮೆ, ಸಾಗಾಟ

ಟೋಕನ್ ಕೊಡುವಾಗ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಚಾಸಿಸ್ ನಂಬರ್, ಒಪ್ಪಿದ ಬೆಲೆ, ತಪಾಸಣೆಯಲ್ಲಿ ಮುಖ್ಯ ದೋಷ ಕಂಡರೆ ಟೋಕನ್ ವಾಪಸ್, ಎರಡು ಕೀಲಿ, ಸರ್ವಿಸ್ ಬುಕ್, ಮೂಲ ಇನ್‌ವಾಯ್ಸ್ ಸೇರಿವೆ ಎಂಬುದು. ಎರಡನೇ ಕೀ ಇಲ್ಲದಿದ್ದರೆ ಬೆಲೆ ಇಳಿಸಿ, ಹೊಸ ಕೀಯನ್ನು ಅಧಿಕೃತ ವರ್ಕ್‌ಶಾಪಿನಲ್ಲೇ ಕಾರಿಗೆ ಹೊಂದಿಸಬೇಕಾಗುತ್ತದೆ.

ಮಾಲೀಕತ್ವ ವರ್ಗವಾದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಹಾನಿಗೆ ಪರಿಹಾರ ಕೇಳುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಹಿಂದಿನವರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ. ಐದು ವರ್ಷ ದಾಟಿದ ಕಾರಿನ ಐಡಿವಿ (ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಬೆಲೆ) ಎಂದರೆ ನೀವೂ ಕಂಪನಿಯೂ ಮಾತಾಡಿ ಒಪ್ಪಿದ ಬೆಲೆ. ಪ್ರೀಮಿಯಂ ಉಳಿಸಲು ಅದನ್ನು ಇಳಿಸಬೇಡಿ. ಈ ವಯಸ್ಸಿನ ಕಾರಿಗೆ ಝೀರೋ ಡೆಪ್ (ಭಾಗಗಳ ಸವಕಳಿ ಕಳೆಯದೆ ಕೊಡುವ ವಿಮೆ) ಸಿಗುವುದು ಅಪರೂಪ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ, ಫೈಬರ್ ಗ್ಲಾಸಿಗೆ ಶೇ. 30, ಹತ್ತು ವರ್ಷ ದಾಟಿದ ಲೋಹದ ಭಾಗಕ್ಕೂ ಅರ್ಧ ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ. ಇಂಥ ಕಾರಿನಲ್ಲಿ ಮೊದಲು ಒಡೆಯುವುದು ಬಂಪರೇ ಆದ್ದರಿಂದ ಆ ಅರ್ಧದ ಲೆಕ್ಕ ಮೊದಲೇ ಗೊತ್ತಿರಲಿ. ಎಂಜಿನ್ ಪ್ರೊಟೆಕ್ಷನ್ ಸಿಕ್ಕರೆ ಬಿಡಬೇಡಿ. ನೀರು ನುಗ್ಗಿದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ ಹಾಳಾದರೆ ಮಾಮೂಲಿ ಪಾಲಿಸಿ ಕೈ ಎತ್ತುತ್ತದೆ.

ಬೆಂಗಳೂರಿನಿಂದ ತರುವುದು ಡಿಸೆಂಬರ್–ಮಾರ್ಚ್ ನಡುವೆ ಆಗಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಓಡಿಸಿಕೊಂಡು ಬರುವ ಆಸೆ ಸಹಜ, ಆದರೆ ಹೊಸ ಟೈರು, ಹೊಸ ಬ್ರೇಕ್ ಆಯಿಲ್ ಹಾಕಿಸಿದ ಮೇಲೆ ಮಾತ್ರ. ಇಲ್ಲವೇ ಮುಚ್ಚಿದ ಕಾರು ಕ್ಯಾರಿಯರ್, ಸಾಗಾಟದ ವಿಮೆಯೊಂದಿಗೆ. ಮುಂದೆ ಕೆಟ್ಟು ನಿಂತರೂ ಬೇಕಾಗುವುದು ಹಲಗೆಯಂತೆ ಚಪ್ಪಟೆಯಾದ ಫ್ಲಾಟ್‌ಬೆಡ್ಡೇ. ಕೊಕ್ಕೆ ಹಾಕಿ ಎತ್ತುವ ಕ್ರೇನಿಗೆ ಮುಟ್ಟಲು ಬಿಡಬೇಡಿ. ಉಡುಪಿ, ಮಂಗಳೂರಿನಲ್ಲಿ ಫ್ಲಾಟ್‌ಬೆಡ್ ಇರುವವರ ನಂಬರನ್ನು ಕಾರು ಬರುವ ಮೊದಲೇ ಫೋನಿನಲ್ಲಿ ಹಾಕಿಡಿ.

ಮನೆಗೆ ಬಂದ ಮೇಲೆ

ಕಾರಿಗಿಂತ ಮೊದಲು ಗೇಟನ್ನು ನೋಡಿ. ನಮ್ಮ ಕಡೆ ರಸ್ತೆಗೂ ಅಂಗಳಕ್ಕೂ ನಡುವೆ ಚರಂಡಿ, ಅದರ ಮೇಲೊಂದು ಗಿಡ್ಡ ಏರು. ಎಂಟು ಅಡಿ ಉದ್ದಕ್ಕೆ ಒಂದು ಅಡಿ ಎತ್ತರ ಎಂದರೆ ಸುಮಾರು 7 ಡಿಗ್ರಿ, ಆರಾಮ. ಆರಕ್ಕೆ ಒಂದಾದರೆ ಒಂಬತ್ತೂವರೆ, ಅಲ್ಲಿಂದಾಚೆ ಬಂಪರಿನ ತುಟಿ ತಾಗಲು ಶುರು. ಕಾಂಕ್ರೀಟು ಹಾಕಿಸಿ ಏರನ್ನು ಉದ್ದ ಮಾಡುವ ಖರ್ಚು ಒಂದು ಬಂಪರಿಗಿಂತ ಕಡಿಮೆ. ರಸ್ತೆ ಹಂಪಿಗೆ ನಿಯಮದ ಪ್ರಕಾರ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಒಳರಸ್ತೆಗಳಲ್ಲಿ ಅಷ್ಟೇ ಎತ್ತರವನ್ನು ಎರಡಡಿ ಅಗಲದಲ್ಲಿ ಕಟ್ಟಿರುತ್ತಾರೆ. ಅಂಥವನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು.

ಮೊದಲ ತಿಂಗಳಲ್ಲಿ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಸರ್ವಿಸ್ ಬುಕ್ ಏನೇ ಹೇಳಲಿ, ಎಂಜಿನ್ನಿನ ಆರೋಗ್ಯ ನಿಮಗೆ ಗೊತ್ತಾಗುವುದು ಆಗಲೇ. ಪೋರ್ಷೆಯ ಎ40 ಒಪ್ಪಿಗೆ ಇರುವ 0ಡಬ್ಲ್ಯು-40, ಏಳೂವರೆ ಲೀಟರಿನಷ್ಟು ಬೇಕು. ತೆಗೆದ ಫಿಲ್ಟರನ್ನು ಬಿಡಿಸಿ ಮಡಿಕೆಗಳ ನಡುವೆ ಲೋಹದ ಮಿಂಚು ಇದೆಯೇ ನೋಡಲು ಹೇಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಪೆಟ್ರೋಲಿನ ವಿಷಯದಲ್ಲಿ, ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. ಆ ಕಾಲದ ಯುರೋಪಿನ ಕಾರುಗಳು ಶೇ. 10ರವರೆಗಿನ ಎಥನಾಲ್‌ಗೆ ತಯಾರಾದವು. ಎಥನಾಲ್ ನೀರು ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವಾಗ ಅರ್ಧ ಟ್ಯಾಂಕಿನಲ್ಲಿ ಬಿಡಬೇಡಿ. ಇರುವಷ್ಟು ಓಡಿಸಿ ಮುಗಿಸಿ, ಹೆಚ್ಚು ಆಕ್ಟೇನಿನ ಪೆಟ್ರೋಲ್ ತುಂಬಿಸಿ ನಿಲ್ಲಿಸಿ.

ಜೂನ್‌ನಿಂದ ಸೆಪ್ಟೆಂಬರ್ ಈ ಕಾರಿಗೆ ಕಷ್ಟದ ಕಾಲ. ಅಗಲ ಟೈರು, ಹಗುರ ಮೂತಿ, ನೀರು ನಿಂತ ಹೆದ್ದಾರಿ 66 ಮೂರೂ ಸೇರಿದರೆ ಕಾರು ನೀರಿನ ಮೇಲೆ ತೇಲುತ್ತದೆ. ಟ್ರೆಡ್ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊರಗೆ ತೆಗೆಯಲೇಬೇಡಿ. ಮಲ್ಪೆಯ ಗಾಳಿಯಲ್ಲಿ ಓಡಿಸಿದ ದಿನ ಸಂಜೆಯೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಿರಿ. ತೊಳೆದ ಮೇಲೆ ಹತ್ತು ನಿಮಿಷ ಓಡಿಸಿ ಬ್ರೇಕ್ ಒಣಗಿಸದೆ ಶೆಡ್ಡಿಗೆ ಹಾಕಿದರೆ ಬೆಳಿಗ್ಗೆ ಪ್ಯಾಡು ಡಿಸ್ಕಿಗೆ ಅಂಟಿರುತ್ತದೆ. ಶೆಡ್ಡು ಮಾವು, ಹಲಸಿನ ಮರದ ಕೆಳಗೆ ಬೇಡ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವೆತು ಚರ್ಮದ ಸೀಟಿಗೆ ಬೂಷ್ಟು ಬರುತ್ತದೆ. ಹತ್ತಿಯ ಕವರ್, ಗಾಳಿಯ ತೇವ ಹೀರುವ ಒಂದು ಡೀಹ್ಯೂಮಿಡಿಫೈಯರ್, ಹೆಗ್ಗಣ ಬರದಂತೆ ಬಾಗಿಲಡಿಗೆ ಜಾಲರಿ ಇರಲಿ. ಇಲಿ ಒಂದು ರಾತ್ರಿಯಲ್ಲಿ ಕಡಿಯುವ ವೈರಿಂಗಿಗೆ ವರ್ಕ್‌ಶಾಪಿನಲ್ಲಿ ಒಂದು ವಾರ ಬೇಕು.

ಬ್ಯಾಟರಿಗೆ ಸ್ವಲ್ಪ ಸ್ವಲ್ಪವೇ ಚಾರ್ಜ್ ತುಂಬುವ ಟ್ರಿಕಲ್ ಚಾರ್ಜರ್ ಸದಾ ಹಾಕಿಯೇ ಇರಲಿ. ಎರಡು ಮೂರು ವಾರ ಸುಮ್ಮನೆ ನಿಂತರೆ ಇಳಿದುಹೋಗುತ್ತದೆ. ಬ್ಯಾಟರಿ ಇರುವುದು ಮುಂದಿನ ಮುಚ್ಚಳದೊಳಗೆ, ಆ ಮುಚ್ಚಳ ತೆರೆಯುವುದು ವಿದ್ಯುತ್ತಿನಿಂದ. ಬ್ಯಾಟರಿ ಸತ್ತರೆ ಬ್ಯಾಟರಿಯನ್ನೇ ಮುಟ್ಟಲಾಗದು. ಆಗ ಕೀಯೊಳಗಿನ ಲೋಹದ ಕೀ ಎಳೆದು ಬಾಗಿಲು ತೆರೆಯಿರಿ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಿಂದ ಒಂದು ಪಾಸಿಟಿವ್ ತುದಿ ಹೊರಗೆ ಎಳೆಯಲು ಬರುತ್ತದೆ. ಇನ್ನೊಂದು ಬ್ಯಾಟರಿಯ ಪ್ಲಸ್ ಅದಕ್ಕೆ, ಮೈನಸ್ ಬಾಗಿಲಿನ ಲೋಹದ ಕೊಂಡಿಗೆ ಕೊಟ್ಟು ಕೀ ಒತ್ತಿದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಅಲಾರಾಂ ಕೂಗಿದರೆ ಹೆದರಬೇಡಿ, ಕೀಯ ಅನ್‌ಲಾಕ್ ಒತ್ತಿದರೆ ಸುಮ್ಮನಾಗುತ್ತದೆ.